ಲೋಟದ ತಳದ ಅಕ್ಷರಗಳು

ವಕೀಲ ವೃತ್ತಿಗೆ ಬಂದ ಮೇಲೆ ನಾನು ಬರೆದ ಪಾಲುಪಟ್ಟಿಗಳಿಗೆ ಲೆಕ್ಕವಿಲ್ಲ. ಅವುಗಳ ಪೈಕಿ ಒಂದರ ಹದಿನೇಳನೆಯ ಕಲಮು ಹೀಗಿತ್ತು: ‘ಹೋಟೆಲಿಗೆ ಸಂಬಂಧಿಸಿದ ಹಳೆಯ ಪಾತ್ರೆಪಡಗಗಳು, ಒಟ್ಟು, ತೂಕದ ಬೆಲೆಗೆ.’ ಏಳು ಶಬ್ದಗಳ ಆ ಸಾಲನ್ನು ಬರೆಯಲು ಅರ್ಧ ನಿಮಿಷವೂ ಬೇಕಾಗಿರಲಿಲ್ಲ. ತಿದ್ದಲು ಏಳು ತಿಂಗಳು ಹಿಡಿಯಿತು.

ನಮ್ಮ ಕಾಸರಗೋಡು ಸೀಮೆಯ ಹೆದ್ದಾರಿಯ ಬದಿಯಲ್ಲಿದ್ದ ಆ ಹೋಟೆಲಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಉಂಡವರಿಗೆ ಹೇಳಬೇಕಾಗಿಲ್ಲ. ಕುಟುಂಬದವರಿಗೆ ಅದು ಅಚ್ಚಾಗುವುದು ಬೇಕಾಗಿಲ್ಲ. ಶಾಲೆ ಬಿಟ್ಟು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅಲ್ಲಿನ ಗೋಳಿಬಜೆಯ ವಾಸನೆಗೆ ಮೂಗೊಡ್ಡಿ ನಿಂತ ಹುಡುಗರಲ್ಲಿ ನಾನೂ ಒಬ್ಬ. ಯಜಮಾನರು ತೀರಿಕೊಂಡ ಮೇಲೆ ಎರಡು ವರ್ಷ ಹೇಗೋ ನಡೆದು ಹೋಟೆಲು ಮುಚ್ಚಿತು. ಆಮೇಲೆ ಹೆದ್ದಾರಿ ಅಗಲವಾಗುವಾಗ ಕಟ್ಟಡದ ಮುಂಭಾಗವೂ ಹೋಯಿತು. ಮಕ್ಕಳು ಮೂವರು: ಹಿರಿಯಳಾದ ಅಕ್ಕ, ಊರಿನಲ್ಲೇ ಇದ್ದ ಅಣ್ಣ, ಮುಂಬಯಿಯಲ್ಲಿ ನೆಲೆಸಿದ ತಮ್ಮ. ನ್ಯಾಯಾಲಯದ ಮೆಟ್ಟಿಲು ಹತ್ತುವ ಇಚ್ಛೆ ಯಾರಿಗೂ ಇಲ್ಲದ ಕಾರಣ ಮೂವರೂ ಸೇರಿ ನನ್ನಲ್ಲಿಗೆ ಬಂದಿದ್ದರು. ಭೂಮಿಯ ಪರಿಹಾರದ ಹಣ ಮೂರು ಪಾಲಾಗಲು ಒಂದು ಸಂಜೆ ಸಾಕಾಯಿತು. ಉಳಿದದ್ದು ಪಾತ್ರೆಗಳು.

ಕಟ್ಟಡವನ್ನು ತೆರವು ಮಾಡುವ ಗಡುವು ಹತ್ತಿರವಾಗಿತ್ತು. ಅಟ್ಟದ ಮೇಲೆ, ಹಿತ್ತಿಲ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿದ್ದ ಹಿತ್ತಾಳೆ, ಅಲ್ಯೂಮಿನಿಯಂ, ನೆಗ್ಗಿದ ಸ್ಟೀಲನ್ನು ಕಂಡು, ‘ಇದನ್ನೆಲ್ಲ ಗುಜರಿಗೆ ಹಾಕಿ ಚೀಟಿ ತಂದುಕೊಡಿ, ಹಣವನ್ನು ಪಟ್ಟಿಯಲ್ಲಿ ಸೇರಿಸೋಣ’ ಎಂದು ಅಣ್ಣನಿಗೆ ಹೇಳಿದವನು ನಾನೇ. ಅವರು ಪ್ರಾಮಾಣಿಕವಾಗಿ ಹಾಗೆಯೇ ಮಾಡಿದರು. ಚೀಟಿಯಲ್ಲಿ ಹಿತ್ತಾಳೆ 64 ಕಿಲೋ ಎಂದಿತ್ತು. ಜಗಳಕ್ಕೆ ಕಾರಣವಾಗಬಹುದಾದ ‘ಬೆಲೆಬಾಳುವ’ ಸಾಮಾನನ್ನು ಮಾತ್ರ ನನ್ನ ಕಚೇರಿಯ ಕಪಾಟಿನಲ್ಲಿ ಇರಿಸಿಕೊಂಡಿದ್ದೆ: ಇಪ್ಪತ್ತನಾಲ್ಕು ಬೆಳ್ಳಿ ಲೋಟಗಳು, ಹದಿನೆಂಟು ಚಮಚಗಳು, ಎರಡು ಹರಿವಾಣಗಳು.

ಬೆಳ್ಳಿ ಲೋಟ ಎಂಬುದು ಕುಟುಂಬದ ಮಾತು. ಮಠದವರೋ, ಮಂತ್ರಿಗಳೋ, ದೂರದ ಬೀಗರೋ ಬಂದಾಗ ಮಾತ್ರ ಅವು ಹೊರಗೆ ಬರುತ್ತಿದ್ದವು. ಮಂಗಳೂರಿನಲ್ಲಿ ಯಾವುದೋ ಬಂಗಲೆಯ ಸಾಮಾನು ಏಲಂ ಆದಾಗ ಚಮಚ, ಹರಿವಾಣಗಳನ್ನು ಯಜಮಾನರು ಕೊಂಡು ತಂದಿದ್ದರಂತೆ. ಲೋಟಗಳೂ ಅವುಗಳ ಜೊತೆಗೇ ಬಂದವು ಎಂದು ಅಣ್ಣನ ನಂಬಿಕೆ. ಬೇರೆ ಕಡೆಯಿಂದ ಬಂದವು ಎಂದು ಅಕ್ಕನ ನೆನಪು. ಒಂದೊಂದು ಲೋಟ 130 ಗ್ರಾಂ ತೂಗುತ್ತಿತ್ತು. ಇಪ್ಪತ್ತನಾಲ್ಕಕ್ಕೆ ಮೂರು ಕಿಲೋಗೂ ಮೇಲೆ. ಬೆಳ್ಳಿಯ ಧಾರಣೆಯಿಂದ ಗುಣಿಸಿ ನೋಡಿದ ತಮ್ಮ ಮುಂಬಯಿಯಿಂದಲೇ ಫೋನು ಮಾಡಿ, ಇಷ್ಟು ವರ್ಷ ಅವು ಯಾರ ಮನೆಯಲ್ಲಿದ್ದವು, ಮೊದಲು ಎಷ್ಟಿದ್ದವು ಎಂದು ಕೇಳಿದ. ಆ ಒಂದು ಪ್ರಶ್ನೆಯ ನಂತರ ಅಣ್ಣತಮ್ಮಂದಿರು ನೇರವಾಗಿ ಮಾತನಾಡುವುದು ನಿಂತಿತು. ಇಬ್ಬರ ಮಾತೂ ನನ್ನ ಮೂಲಕ ಹಾದುಹೋಗತೊಡಗಿತು.

‘ಮುದ್ರೆಯೇ ಇದೆಯಲ್ಲ, ವಕೀಲರೇ’ ಎಂದು ಅಣ್ಣ ಚಮಚವೊಂದರ ಹಿಡಿಯನ್ನು ತಿರುಗಿಸಿ ತೋರಿಸಿದರು. ಸಾಲಾಗಿ ನಾಲ್ಕು ಪುಟ್ಟ ಗುರಾಣಿಯಂಥ ಚೌಕಟ್ಟುಗಳು, ಪ್ರತಿಯೊಂದರೊಳಗೆ ಒಂದು ಇಂಗ್ಲಿಷ್ ಅಕ್ಷರ. ಬರಿಗಣ್ಣಿಗೆ ಬೆಳ್ಳಿಯ ಮೇಲಿನ ಸರಕಾರಿ ಮುದ್ರೆಯಂತೆಯೇ ಕಾಣುತ್ತದೆ. ಹಾಗೆ ಕಾಣಲೆಂದೇ ಅದನ್ನು ಒತ್ತುತ್ತಿದ್ದರು. ಭೂತಗನ್ನಡಿ ಹಿಡಿದು ಓದಿದರೆ ಅಕ್ಷರಗಳು ಇ, ಪಿ, ಎನ್, ಎಸ್. ನಿಕ್ಕಲ್ ಸಿಲ್ವರಿನ ಮೇಲೆ ವಿದ್ಯುತ್ತಿನಿಂದ ಕೊಟ್ಟ ಬೆಳ್ಳಿಯ ಲೇಪ ಎಂದು ಅದರ ಅರ್ಥ. ನಾವು ಜರ್ಮನ್ ಸಿಲ್ವರ್ ಎನ್ನುವುದೂ ಈ ನಿಕ್ಕಲ್ ಸಿಲ್ವರನ್ನೇ. ತಾಮ್ರ, ನಿಕ್ಕಲ್, ಸತು ಸೇರಿದ ಮಿಶ್ರಲೋಹ ಅದು. ಹೆಸರಿನಲ್ಲಿರುವ ಬೆಳ್ಳಿ ಲೋಹದಲ್ಲಿ ಎಳ್ಳಷ್ಟೂ ಇಲ್ಲ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆಯವರು 1840ರಲ್ಲಿ ಈ ಲೇಪನ ವಿಧಾನಕ್ಕೆ ಪೇಟೆಂಟ್ ಪಡೆದರು. ಬಳಿಕ ಆ ಊರಿನಿಂದಲೂ ಶೆಫೀಲ್ಡಿನಿಂದಲೂ ಹೋಟೆಲು, ಹಡಗು, ರೈಲ್ವೆಗಳಿಗೆಂದು ಇಂಥ ಸಾಮಾನು ಜಗತ್ತಿಗೆಲ್ಲ ಹರಡಿತು. ನಿಜವಾದ ಇಂಗ್ಲಿಷ್ ಬೆಳ್ಳಿಯ ಮೇಲೆ ನಡೆಯುತ್ತಿರುವ ಸಿಂಹದ ಚಿಕ್ಕ ಗುರುತು ಇರುತ್ತದೆ. ನಮ್ಮ ಚಮಚದ ಮೇಲೆ ಸಿಂಹ ಇರಲಿಲ್ಲ.

ಚಮಚದ ಹೊಟ್ಟೆಯ ಅಡಿಭಾಗದಲ್ಲಿ, ಅಂದರೆ ಮೇಜಿಗೆ ತಾಗಿ ಉಜ್ಜುವ ಜಾಗದಲ್ಲಿ, ಲೇಪ ಸವೆದು ಮಸುಕಾದ ಹಳದಿ ಛಾಯೆ ಇಣುಕುತ್ತಿತ್ತು. ಗಿಲೀಟು ಮೊದಲು ಸೋಲುವುದು ಅಲ್ಲಿ, ಮತ್ತೆ ಅಂಚಿನಲ್ಲಿ. ಬೆಳ್ಳಿ ಎಷ್ಟು ಸವೆದರೂ ಒಳಗೆ ಬೆಳ್ಳಿಯೇ.

ಚಮಚಗಳ ಪ್ರಶ್ನೆ ಹೀಗೆ ಮುಗಿಯಿತು. ಲೋಟಗಳ ತಳದಲ್ಲಿ ಇಂಥ ಮುದ್ರೆಯೇ ಇರಲಿಲ್ಲ. ಇದ್ದದ್ದು ಹೋಟೆಲಿನ ಹೆಸರಿನ ಮೂರು ಮೊದಲಕ್ಷರಗಳು, ಉಳಿಯಿಂದ ಕೊರೆದ ಕನ್ನಡದಲ್ಲಿ. ಪರಿಚಯದ ಚಿನಿವಾರರಲ್ಲಿ ಒಂದು ಲೋಟ ಕೊಟ್ಟೆ. ಅವರು ತಳದ ಅಂಚಿನಲ್ಲಿ ಅರದಿಂದ ಸಣ್ಣದಾಗಿ ಗೀರಿ, ಗೀರಿನೊಳಗೆ ನೈಟ್ರಿಕ್ ಆಮ್ಲದ ಒಂದು ತೊಟ್ಟು ಬಿಟ್ಟರು. ಹಸಿರು ನೊರೆ ಎದ್ದಿತು. ಹಸಿರು ತಾಮ್ರದ ಸಾಕ್ಷಿ. ಗೀರದೆ ಮೇಲೆಯೇ ತೊಟ್ಟು ಹಾಕಿದ್ದರೆ ಲೇಪದ ಬೆಳ್ಳಿಯೇ ಉತ್ತರ ಕೊಟ್ಟು ನಮ್ಮನ್ನು ವಂಚಿಸುತ್ತಿತ್ತು. ಆದರೆ ಒಂದು ಲೋಟದ ಸಾಕ್ಷ್ಯದಿಂದ ಇಪ್ಪತ್ತನಾಲ್ಕರ ತೀರ್ಪು ಬರೆಯಲಾಗದು. ಪ್ರತಿಯೊಂದಕ್ಕೂ ಗಾಯ ಮಾಡುವ ಹಾಗೂ ಇಲ್ಲ.

ದಾರಿ ತೋರಿಸಿದವಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ ನನ್ನ ಮಗಳು. ‘ಅಪ್ಪಾ, ಆರ್ಕಿಮಿಡೀಸ್ ಕಿರೀಟವನ್ನು ಗೀರಲಿಲ್ಲವಲ್ಲ’ ಎಂದಳು. ಬೆಳ್ಳಿಯ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು ಹತ್ತೂವರೆ ಗ್ರಾಂ. ಜರ್ಮನ್ ಸಿಲ್ವರಿನದು ಎಂಟೂಮುಕ್ಕಾಲರ ಆಸುಪಾಸು. ಮೊದಲು ಒಂದು ಲೋಟ ಮುಳುಗಿಸಿದೆವು. ವ್ಯತ್ಯಾಸ ಎರಡು ಮೂರು ಮಿಲಿಲೀಟರು ಮಾತ್ರ. ನಮ್ಮ ಕೈ ನಡುಕವೇ ಅದಕ್ಕಿಂತ ಹೆಚ್ಚು. ‘ಎಂಟನ್ನು ಒಟ್ಟಿಗೆ ಮುಳುಗಿಸೋಣ, ತಪ್ಪು ಎಂಟರಲ್ಲಿ ಹಂಚಿಹೋಗುತ್ತದೆ’ ಎಂದಳು. ಎಂಟು ಲೋಟಕ್ಕೆ 1040 ಗ್ರಾಂ. ಕಂಠದ ವರೆಗೆ ನೀರು ತುಂಬಿದ ಪಾತ್ರೆಯಲ್ಲಿ, ಗಾಳಿಯ ಗುಳ್ಳೆ ಸಿಕ್ಕಿಕೊಳ್ಳದಂತೆ ಓರೆಯಾಗಿ ಇಳಿಸಿ, ಚೆಲ್ಲಿದ ನೀರನ್ನು ಕೆಳಗಿನ ತಟ್ಟೆಯಲ್ಲಿ ಹಿಡಿದು ಅಳತೆ ಜಾಡಿಗೆ ಸುರಿದೆವು. ಬೆಳ್ಳಿಯಾಗಿದ್ದರೆ 100 ಮಿಲಿಲೀಟರು ಚೆಲ್ಲಬೇಕು. ಚೆಲ್ಲಿದ್ದು 120. ಉಳಿದ ಎರಡು ಗುಂಪುಗಳಿಂದಲೂ ಹೆಚ್ಚುಕಡಿಮೆ ಅಷ್ಟೇ ನೀರು ಬಂತು. ಕನ್ನಡದಲ್ಲಿ ವಿಜ್ಞಾನ ಓದಿದರೆ ಏನು ಪ್ರಯೋಜನ ಎಂದು ಆ ವರ್ಷ ಮದುವೆ ಮನೆಯೊಂದರಲ್ಲಿ ನನ್ನನ್ನು ಕೇಳಿದವರೊಬ್ಬರಿದ್ದರು. ಅವರಿಗೆ ಇದನ್ನು ಹೇಳುವ ಅವಕಾಶ ಇನ್ನೂ ಒದಗಿಲ್ಲ.

ಮೂರು ಕಿಲೋ ಬೆಳ್ಳಿ ಒಂದು ಮಧ್ಯಾಹ್ನದಲ್ಲಿ ಮೂರು ಕಿಲೋ ತಾಮ್ರ, ನಿಕ್ಕಲ್, ಸತುವಾಯಿತು. ತಮ್ಮ ಫೋನಿನಲ್ಲಿ ಬಹಳ ಹೊತ್ತು ಮಾತನಾಡಲಿಲ್ಲ. ‘ಅಣ್ಣನ ಹತ್ತಿರ ಫೋನು ಕೊಡುತ್ತೀರಾ?’ ಎಂದು ಕೊನೆಗೆ ಕೇಳಿದ. ಅಣ್ಣ ನನ್ನೆದುರಿಗೇ ಕುಳಿತಿದ್ದರು. ಅವರಿಬ್ಬರೂ ಆಡಿದ್ದನ್ನು ನಾನು ಕೇಳಲಿಲ್ಲ. ಹೊರಗೆ ಹೋಗಿ ನಿಂತೆ.

ಪಾಲಿನ ಕರಡನ್ನು ಅಕ್ಕನಿಗೆ ಓದಿ ಹೇಳಲು ಕುಳಿತದ್ದು ಅದರ ಮರುವಾರ. ಹದಿನೇಳನೆಯ ಕಲಮಿಗೆ ಬಂದಾಗ ಅವರು ಕೈಯೆತ್ತಿ ತಡೆದರು.

‘ಬಡಿಸುವ ಬಾಲ್ದಿಗಳು ಎಲ್ಲಿವೆ, ವಕೀಲರೇ?’

ಹಳೆಯ ಹಿತ್ತಾಳೆಯ ಜೊತೆ ಹೋದವು ಎಂದೆ.

‘ಸಾಂಬಾರಿನ ಬಾಲ್ದಿ ಒಂದು ಅಮ್ಮನದು. ಬಳುವಳಿಯಾಗಿ ಬಂದದ್ದು. ಹೋಟೆಲು ಶುರುವಾದಾಗ ಪಾತ್ರೆ ಸಾಲದೆ ಅಪ್ಪ ಮನೆಯಿಂದ ತೆಗೆದುಕೊಂಡು ಹೋದರು. ತಳದಲ್ಲಿ ಅಮ್ಮನ ಹೆಸರಿತ್ತು. ನೀವು ತಳ ನೋಡಿದ್ದಿರಾ?’

ನಾನು ನೋಡಿರಲಿಲ್ಲ. ದಸ್ತಾವೇಜು ಎಷ್ಟೇ ಜೀರ್ಣವಾಗಿದ್ದರೂ ಬೆನ್ನು ತಿರುಗಿಸಿ ಹಿಂಬರಹ ಓದದೆ ಕೆಳಗಿಡಬಾರದು ಎಂದು ಕಿರಿಯ ವಕೀಲರಿಗೆ ಹೇಳಿಕೊಡುವವನು ನಾನು. ಮದುವೆಯಲ್ಲಿ ತವರಿನಿಂದ ಬಂದ ವಸ್ತು ಹೆಣ್ಣಿನ ಸ್ವಂತ ಸೊತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಅವಳನ್ನು ಅದರ ಪೂರ್ಣ ಒಡತಿಯೆಂದೇ ಹೇಳುತ್ತದೆ. ಒಡತಿ ತೀರಿಕೊಂಡ ಮೇಲೆ ಮಕ್ಕಳಿಗೆ ಸಮಪಾಲು ಎಂಬುದು ನಿಜ. ಹಾಗಾಗಿ ಲೆಕ್ಕದಲ್ಲಿ ಯಾರಿಗೂ ನಷ್ಟವಾಗಿರಲಿಲ್ಲ. ಆದರೆ ಹೋಟೆಲಿನದಲ್ಲದ್ದನ್ನು ಹೋಟೆಲಿನದೆಂದು ಬಗೆದು ಕಿಲೋ ಲೆಕ್ಕದಲ್ಲಿ ಮಾರಿಸಿದ್ದೆ. ಅಕ್ಕ ಬಯ್ಯಲಿಲ್ಲ. ಲೋಟಗಳಲ್ಲಿ ತನಗೆ ಪಾಲು ಬೇಡ, ಆ ಬಾಲ್ದಿಯೊಂದು ಸಾಕಿತ್ತು ಎಂದರು. ಬಯ್ದಿದ್ದರೆ ಒಳ್ಳೆಯದಿತ್ತು.

ಮರುದಿನವೇ ಗುಜರಿ ಅಂಗಡಿಗೆ ಹೋದೆ. ಹಿತ್ತಾಳೆ ಲಾರಿಯಲ್ಲಿ ಹೊರಟು ತಿಂಗಳು ಕಳೆದಿತ್ತು. ಅದು ಹೋಗುವುದು ಕರಗಿಸುವ ಕುಲುಮೆಗೆ. ಆದರೆ ಅಂಗಡಿಯವರು ಮುರಿಯದ ಕೆಲವು ಪಾತ್ರೆಗಳನ್ನು ಹಿಂದಿನ ಕೋಣೆಯಲ್ಲಿ ಎತ್ತಿಟ್ಟಿದ್ದರು. ಹಳೆಯ ಹಿತ್ತಾಳೆಯನ್ನು ರೆಸಾರ್ಟುಗಳವರು ಹೂಕುಂಡ ಮಾಡಲೆಂದು ಕೇಳಿಕೊಂಡು ಬರುತ್ತಾರಂತೆ. ಆ ಕತ್ತಲೆಯಲ್ಲಿ ಒಂದೊಂದನ್ನೇ ತಲೆಕೆಳಗು ಮಾಡಿ, ಮೊಬೈಲಿನ ಬೆಳಕು ಹಿಡಿದು ಓದುತ್ತಾ ಹೋದೆ. ನಮ್ಮ ಹೋಟೆಲಿನ ಮೂರಕ್ಷರವಿದ್ದ ಬಾಲ್ದಿ ಒಂದು ಸಿಕ್ಕಿತು. ಅಮ್ಮನ ಹೆಸರಿನದು ಇರಲಿಲ್ಲ.

ಸಿಕ್ಕಿದ್ದನ್ನು ಕೊಟ್ಟ ಬೆಲೆಗಿಂತ ಹೆಚ್ಚು ತೆತ್ತು ಬಿಡಿಸಿಕೊಂಡು ಬಂದೆ. ಮೇಜಿನ ಮೇಲೆ ಅದನ್ನು ಬೋರಲು ಹಾಕಿ ಮೊದಲ ಬಾರಿಗೆ ಪಾತ್ರೆಯೊಂದನ್ನು ಪತ್ರದಂತೆ ಓದಿದೆ. ಮೂರಕ್ಷರಗಳ ಕೆಳಗೆ ‘ರಾ. ೬’ ಎಂದಿತ್ತು. ಆರು ರಾತಲು. ಈಗಿನ ಲೆಕ್ಕದಲ್ಲಿ 2 ಕಿಲೋ 720 ಗ್ರಾಂ. ತಕ್ಕಡಿ ತೋರಿಸಿದ್ದು 2 ಕಿಲೋ 610. ನಡುವಿನ ನೂರಹತ್ತು ಗ್ರಾಂ ಬೂದಿ, ಹುಣಸೆಹುಳಿ, ತೆಂಗಿನ ನಾರು ತಿಂದದ್ದು. ಅಷ್ಟು ಹಿತ್ತಾಳೆ ಬಚ್ಚಲಿನ ನೀರಿನೊಂದಿಗೆ ಹರಿದುಹೋಗಲು ಎಷ್ಟು ಜನ ಎಷ್ಟು ಮುಂಜಾನೆ ತಿಕ್ಕಿರಬೇಕು! ಒಳಗಡೆ ಕಲಾಯಿಯ ಬಿಳುಪು ಮೂಲೆಗಳಲ್ಲಿ ಮಾತ್ರ ಉಳಿದಿತ್ತು. ಹುಳಿ ಪದಾರ್ಥ ಹಿತ್ತಾಳೆಯ ತಾಮ್ರವನ್ನು ಕರಗಿಸಿ ಕಿಲುಬು ಹಿಡಿಸುತ್ತದೆಂದು ನವಸಾಗರ ಹಾಕಿ ತವರದ ಕಲಾಯಿ ಕೊಡಿಸುವುದು ಆಗಿನ ಎಲ್ಲ ಹೋಟೆಲುಗಳ ಕ್ರಮ. ಕಂಚಿಗೆ ಇದರ ಅಗತ್ಯವಿಲ್ಲ. ಅದು ತಾಮ್ರ, ತವರಗಳ ಪಾಕ. ಬೆರಳಿನಿಂದ ತಟ್ಟಿದರೆ ಕಂಚು ಗಂಟೆಯಂತೆ ಬಹಳ ಹೊತ್ತು ಮೊರೆಯುತ್ತದೆ, ಹಿತ್ತಾಳೆ ಬೇಗ ಸುಮ್ಮನಾಗುತ್ತದೆ. ಕಂಚು ಬಿದ್ದರೆ ಒಡೆಯುತ್ತದೆ, ಹಿತ್ತಾಳೆ ನೆಗ್ಗುತ್ತದೆ. ಬಾಲ್ದಿಯ ಹೊಟ್ಟೆ ಮೂರು ಕಡೆ ನೆಗ್ಗಿತ್ತು.

ರಾತಲೆಂಬ ಆ ಒಂದು ಅಕ್ಷರದಿಂದ ಪಾತ್ರೆಯ ಕಾಲವೂ ತಿಳಿಯುತ್ತದೆ. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು, ಮುಂದಿನ ಕೆಲವು ವರ್ಷಗಳಲ್ಲಿ ಕಿಲೋಗ್ರಾಂ ಹಂತಹಂತವಾಗಿ ಅಂಗಡಿಗಳಿಗೆ ಇಳಿಯಿತು. ಆದ್ದರಿಂದ ರಾತಲು ಕೊರೆದ ಪಾತ್ರೆ ಅದಕ್ಕಿಂತ ಹಿಂದಿನದು, ಇಲ್ಲವೇ ಅದರ ಆಸುಪಾಸಿನದು. ಅದೇ ವರ್ಷದ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಉತ್ತರಾಧಿಕಾರದ ಕಾಯಿದೆಯೂ ಅದೇ ವರ್ಷದ್ದು. ಆ ಬಾಲ್ದಿಯ ಪಾಲಿಗೆ 1956 ಬಹಳ ಗಡಿಬಿಡಿಯ ವರ್ಷವಾಗಿರಬೇಕು.

ಹೋಟೆಲಿನ ಉಳಿದ ಸಾಮಾನನ್ನೂ ಹೀಗೆಯೇ ಸಾಲಾಗಿ ಇಟ್ಟು ನೋಡಿದೆ. ಹಿತ್ತಾಳೆಯ ಮೇಲೆ ಉಳಿಯ ಏಟಿನ ಅಕ್ಷರಗಳು. ಗೆರೆಯೆಂದರೆ ಒಂದರ ಪಕ್ಕ ಒಂದು ಕೂತ ಸಣ್ಣ ಕಚ್ಚುಗಳ ಸಾಲು. ಜರ್ಮನ್ ಸಿಲ್ವರ್ ಲೋಟಗಳಲ್ಲೂ ಅದೇ ಕೈ, ಆದರೆ ಅಂಕಿ ಇಲ್ಲ. ಆಮೇಲೆ ಬಂದ ಸ್ಟೀಲು ತಟ್ಟೆಗಳಲ್ಲಿ ಯಂತ್ರದ ನಡುಗುವ ತೆಳು ಗೆರೆ, ಮೊದಮೊದಲು ಕನ್ನಡದಲ್ಲಿ, ನಂತರ ಇಂಗ್ಲಿಷಿನಲ್ಲಿ. ಕಡೆಯ ವರ್ಷಗಳ ತಟ್ಟೆಗಳಲ್ಲಿ ಹೆಸರೇ ಇಲ್ಲ. ಕದ್ದರೂ ಹೋಗಲಿ ಎನ್ನುವಷ್ಟು ಸ್ಟೀಲು ಅಗ್ಗವಾಗಿತ್ತು ಎಂದು ಅಣ್ಣ ಅದಕ್ಕೆ ಕಾರಣ ಕೊಟ್ಟರು.

ಇವುಗಳಿಗೆ ಬೆಲೆ ಕಟ್ಟುವುದು ಹೇಗೆ? ಕಾನೂನಿನ ಭಾಷೆಯಲ್ಲಿ ಮಾರುಕಟ್ಟೆ ಬೆಲೆಯೆಂದರೆ ಮಾರಲು ಮನಸ್ಸಿರುವವನಿಗೆ, ಅವಸರವಿಲ್ಲದಾಗ, ಕೊಳ್ಳಲು ಮನಸ್ಸಿರುವವನು ಕೊಡುವ ಬೆಲೆ. ಹಾಗಿದ್ದರೆ ಕೊಳ್ಳುವವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಳೆಯ ಇಂಗ್ಲಿಷ್ ಸಾಮಾನು ಸಂಗ್ರಹಿಸುವ ಒಬ್ಬರು ಚಮಚಗಳನ್ನು ಮೆಚ್ಚಿದರು. ಹರಿವಾಣಗಳ ಹಿಂದೆ ಕನ್ನಡ ಅಕ್ಷರ ಕೊರೆದದ್ದು ಕಂಡು, ‘ಛೆ, ಕೆಡಿಸಿಬಿಟ್ಟಿದ್ದಾರೆ’ ಎಂದು ಬೆಲೆ ಇಳಿಸಿದರು. ಇನ್ನೊಬ್ಬರು ಉಡುಪಿ ಹೋಟೆಲುಗಳ ಸಾಮಾನನ್ನೇ ಹುಡುಕಿ ಕೊಳ್ಳುವವರು. ಅವರು ಇಂಗ್ಲಿಷ್ ಮುದ್ರೆಯತ್ತ ಕಣ್ಣೂ ಹಾಯಿಸದೆ ಆ ಮೂರಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು. ಲೋಹದ ಬೆಲೆಯ ಮೂರರಷ್ಟು ಕೊಡಲು ಸಿದ್ಧರಾದರು. ಅದಕ್ಕೂ ಮೊದಲು ನನ್ನಲ್ಲಿ ಆಧಾರ ಕೇಳಿದರು: ಹೋಟೆಲಿನ ಪರವಾನಗಿ, ಹೆಸರಿನ ಫಲಕ ಕಾಣುವ ಫೋಟೋ, ಪಾತ್ರೆ ಅಂಗಡಿಯ ಹಳೆಯ ಬಿಲ್ಲು, ಏನಾದರೂ. ಭೂಮಿ ಕೊಳ್ಳುವವನು ಹಿಂದಿನ ಪತ್ರಗಳ ಸರಣಿ ಕೇಳುವ ಹಾಗೆ. ಆ ಕಾಗದಗಳಿದ್ದರೆ ಬೆಲೆ ಒಂದು, ಇಲ್ಲದಿದ್ದರೆ ಇನ್ನೊಂದು.

ಹೊಸ ಪಾತ್ರೆಗೆ ಹಳೆಯ ಹೆಸರು ಕೊರೆದು ಮಾರುವವರನ್ನು ಹಿಡಿಯುವ ಬಗೆಯನ್ನು ಹೇಳಿಕೊಟ್ಟವರೂ ಅವರೇ. ಮಸೂರದಲ್ಲಿ ನೋಡಬೇಕು. ನಿತ್ಯದ ಉಜ್ಜಾಟದ ಗೀರುಗಳು ಅಕ್ಷರದ ದಂಡೆಯನ್ನು ದಾಟಿ ಹೋಗಿದ್ದರೆ, ದಂಡೆ ನಯವಾಗಿ ಸವೆದಿದ್ದರೆ ಅಕ್ಷರ ಹಳೆಯದು. ಅಕ್ಷರವೇ ಗೀರುಗಳನ್ನು ಕಡಿದು, ಕಚ್ಚಿನ ತಳ ಹೊಳೆಯುತ್ತಿದ್ದರೆ ನಿನ್ನೆಯದು. ನಮ್ಮ ಲೋಟಗಳಲ್ಲಿ ಮೂರನೆಯ ಅಕ್ಷರದ ತಲೆಕಟ್ಟು ಅಳಿದೇ ಹೋಗಿತ್ತು. ಮನೆಯಲ್ಲಿ ಇಂಥದ್ದಿರುವವರಿಗೆ ಅವರು ಹೇಳುವ ಮಾತು ಒಂದೇ: ಹೊಳಪು ಕೊಡಬೇಡಿ. ಹುಣಸೆಹುಳಿಯಿಂದಾಗಲಿ ಪುಡಿಯಿಂದಾಗಲಿ ಫಳಫಳ ಮಾಡಿದಷ್ಟೂ ಅಕ್ಷರ ಸವೆಯುತ್ತದೆ, ಗಿಲೀಟು ಹೋಗುತ್ತದೆ. ಹೊಸದಾಗಿ ಗಿಲೀಟು ಹಾಕಿಸಿದರೆ ಗುರುತೇ ಮುಚ್ಚುತ್ತದೆ. ನಾನು ಲೋಟಗಳನ್ನು ತೋರಿಸುವ ಮುನ್ನ ನಮ್ಮ ಗುಮಾಸ್ತ ಭಕ್ತಿಯಿಂದ ಎರಡನ್ನು ತಿಕ್ಕಿಟ್ಟಿದ್ದ. ಆ ಎರಡನ್ನು ಅವರು ಬದಿಗಿಟ್ಟರು.

ನೂರು ವರ್ಷ ದಾಟಿದ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯಿದೆಯ ವಿಚಾರವೂ ಬರುತ್ತದೆ. ನಮ್ಮವು ಅಷ್ಟು ಹಳೆಯವಲ್ಲ.

ಕೊನೆಗೆ ಮಾರಾಟ ನಡೆಯಲಿಲ್ಲ. ಲೋಹ ಬೆಳ್ಳಿಯಲ್ಲವೆಂದು ತಿಳಿದ ಮೇಲೆ ತಮ್ಮನಿಗೇ ಅವುಗಳ ಮೇಲೆ ಮಮತೆ ಹುಟ್ಟಿತು. ತಲಾ ಎಂಟು ಲೋಟ, ಆರು ಚಮಚ. ಹರಿವಾಣಗಳು ಅಣ್ಣತಮ್ಮಂದಿರಿಗೆ. ಬಾಲ್ದಿಯನ್ನು ಅಕ್ಕನಿಗೆ ಒಪ್ಪಿಸಹೋದೆ. ‘ಇದು ಅಪ್ಪನದು. ಅಣ್ಣನಲ್ಲಿರಲಿ’ ಎಂದರು, ತನಗಿಂತ ಚಿಕ್ಕವನನ್ನು ಎಲ್ಲರ ಹಾಗೆ ಅಣ್ಣನೆಂದೇ ಕರೆಯುವ ಅಭ್ಯಾಸ ಅವರದು.

ಹದಿನೇಳನೆಯ ಕಲಮು ನಾಲ್ಕು ಪುಟವಾಯಿತು. ಲೋಹ, ತೂಕ, ಎಣಿಕೆಗಳ ಬಳಿ ‘ತಳದ ಬರಹ’ ಎಂಬ ಹೊಸ ಕಾಲಮನ್ನು ಸೇರಿಸಿದ್ದೆ. ಕಡೆಯ ಸಾಲಿನಲ್ಲಿ, ‘ಹಿತ್ತಾಳೆಯ ಬಾಲ್ದಿ, ಒಂದು, ತಾಯಿಯ ಸ್ತ್ರೀಧನ, ಈಗ ಲಭ್ಯವಿಲ್ಲ, ಸದರಿ ಪಾತ್ರೆಯನ್ನು ವಕೀಲರ ಸಲಹೆಯಂತೆ ಮಾರಲಾಯಿತು’ ಎಂದು ಬರೆಸಿದೆ. ತೂಕದ ಜಾಗ ಖಾಲಿ. ತಳದ ಬರಹವನ್ನು ಅಕ್ಕ ಹೇಳಿದರು, ಗುಮಾಸ್ತ ಟೈಪು ಮಾಡಿದ. ಮುದ್ರಿತ ಪ್ರತಿಯನ್ನು ಅವರು ಕನ್ನಡಕ ಸರಿಮಾಡಿಕೊಂಡು ಓದಿ, ಬೆರಳಿಟ್ಟು ನಿಲ್ಲಿಸಿದರು.

‘ಅಮ್ಮನ ಹೆಸರಿನ ಕೊನೆಗೆ ದೀರ್ಘ ಇಲ್ಲ. ಇವನು ಸರಿಯಾಗಿಯೇ ಬರೆದಿದ್ದಾನೆ. ಆದರೆ ಕೊರೆದವನು ದೀರ್ಘ ಹಾಕಿದ್ದ. ಅಮ್ಮ ಪ್ರತಿಸಲ ತಿಕ್ಕುವಾಗಲೂ ಅದನ್ನು ಹೇಳಿ ನಗುತ್ತಿದ್ದಳು. ಬಾಲ್ದಿಯಲ್ಲಿ ಇದ್ದ ಹಾಗೆಯೇ ಬರೆಸಿ, ವಕೀಲರೇ.’

ಗುಮಾಸ್ತ ಆ ಪುಟವನ್ನು ಮತ್ತೊಮ್ಮೆ ಅಚ್ಚು ತೆಗೆದ. ಅಕ್ಕ ಸಹಿ ಹಾಕಿದರು.